ಮಗ ನನಗೆ ದಾನ ಕೊಟ್ಟ ಮಳಿಗೆ

ಸ್ನೇಹಿತರೇ, ನಾನು ನ್ಯಾಮತಿಯ ಗಿರಿಜಮ್ಮ. ಓದಿದ್ದು ಹತ್ತನೇ ತರಗತಿ, ಆದರೆ ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಕೊನೆಯ ಮಾತು ನನ್ನದೇ.

ಮೂರು ತಿಂಗಳ ಹಿಂದೆ ಮಗ ತನ್ನ ಹಾರ್ಡ್‌ವೇರ್ ಅಂಗಡಿಯ ಮಳಿಗೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಟ್ಟ. ತಾಯಿಯ ಮೇಲಿನ ಪ್ರೀತಿ ಎಂದು ಬೀಗಿ ಓಣಿಗೆಲ್ಲ ಪೇಡಾ ಹಂಚಿದೆ. ಕಳೆದ ವಾರ ತವರಿನಲ್ಲಿರುವ ಸೊಸೆಗೆ ಅವನಿಂದ ವಿಚ್ಛೇದನದ ನೋಟಿಸ್ ಹೋದಾಗ ಆ ಪ್ರೀತಿಯ ಅರ್ಥ ತಿಳಿಯಿತು.

ಇವತ್ತು ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಅವನೇ ಬಾಯಿಬಿಟ್ಟ. "ನನ್ನ ಹೆಸರಲ್ಲಿ ಆಸ್ತಿ ಇದ್ರೆ ಅವಳಿಗೆ ಜಾಸ್ತಿ ಕೊಡಬೇಕಾಗ್ತೈತೆ ಅವ್ವಾ. ಕೇಸ್ ಮುಗಿದ್ಮೇಲೆ ನನಗೆ ವಾಪಸ್ ಬರ್ಕೊಡು."

"ಅದನ್ನ ಕೊಳ್ಳಾಕೆ ಅವಳು ತವರಿನ ಬಂಗಾರ ಬಿಚ್ಚಿಕೊಟ್ಟಿದ್ದು ಮರ್ತ್ಯೇನೋ?"

"ಅದಕ್ಕೆ ಸಾಕ್ಷಿ ಎಲ್ಲೈತೆ?" ಎಂದು ನಕ್ಕ.

"ನಾನಿದೀನಲ್ಲೋ" ಎಂದೆ.

ಸೊಸೆಗೂ ನನಗೂ ಎಂದೂ ಹೊಂದಿಕೆಯಾಗಿಲ್ಲ. ಹಾಗೆಂದು ಅವಳ ಬಂಗಾರ ಬಚ್ಚಿಡಲು ನನ್ನ ಹೆಸರೇನು ಕಳ್ಳರ ಪೆಟ್ಟಿಗೆಯೇ? ಮೊನ್ನೆಯೇ ಅವಳನ್ನು ನೋಂದಣಿ ಕಚೇರಿಗೆ ಕರೆಸಿ ಮಳಿಗೆಯನ್ನು ಅವಳ ಹೆಸರಿಗೆ ಬರೆದುಕೊಟ್ಟಿದ್ದೆ. ಆ ಪತ್ರದ ನಕಲನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ.

"ಅಂಗಡಿ ನಡೆಸಬೇಕಂದ್ರೆ ಬಾಡಿಗೆ ಎಷ್ಟು ಅಂತ ಅವಳನ್ನೇ ಕೇಳು ಹೋಗು" ಎಂದೆ.