ನಾಲ್ಕು ಸ್ಕ್ರೂಗಳ ನಡುವಿನ ಸಂಖ್ಯೆ

ಸಾಕ್ಷ್ಯವನ್ನು ಕ್ರಮವಾಗಿ ಜೋಡಿಸಿದರೆ ಅನ್ಯಾಯಕ್ಕೆ ನಿಲ್ಲಲು ಜಾಗವಿರುವುದಿಲ್ಲವೆಂದು ಕಾಲೇಜಿನ ಚರ್ಚಾಸ್ಪರ್ಧೆಗಳು ನನ್ನನ್ನು ನಂಬಿಸಿದ್ದವು. ಮುಳಬಾಗಿಲಿಗೆ ಮರಳಿದ ಮೇಲೆ, ಜಗಳಗಳು ಠಾಣೆಗೆ ಹೋಗುವ ಮೊದಲೇ ಬಗೆಹರಿಸುವ ಒಂದು ಸಣ್ಣ ಕೂಟವನ್ನು ಕಟ್ಟಿದೆ. ನನಗೊಂದು ಹವ್ಯಾಸವೂ ಇತ್ತು. ಕೆಲವು ಎಲೆಕ್ಟ್ರಿಕ್ ಗಿಟಾರುಗಳ ಹಿಂಬದಿಯಲ್ಲಿ, ಕತ್ತು ಒಡಲಿಗೆ ಸೇರುವಲ್ಲಿ, ನಾಲ್ಕು ಸ್ಕ್ರೂ ಬಿಗಿದ ಲೋಹದ ತಗಡಿನ ಮೇಲೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಓದಿ ವಾದ್ಯ ಯಾವ ವರ್ಷದ್ದೆಂದು ಹೇಳುತ್ತಿದ್ದೆ. ಮಾಲೂರು, ಶ್ರೀನಿವಾಸಪುರದ ವಾದಕರೂ ಹುಡುಕಿಕೊಂಡು ಬರುತ್ತಿದ್ದರು.

ಒಮ್ಮೆ ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾವೊಂದರ ಯಜಮಾನರು ಕೂಟಕ್ಕೆ ದೂರು ತಂದರು. ತಂಡದಲ್ಲಿ ಒಂದೇ ಮಾದರಿಯ ಎರಡು ಕೆಂಪು ಗಿಟಾರುಗಳಿದ್ದವು. ಹಳೆಯದು ತಂಡದ್ದು, ಬೆಲೆಯೂ ಅದಕ್ಕೇ ಹೆಚ್ಚು; ಹೊಸದು ತಾಯಲೂರಿನ ವಾದಕನ ಸ್ವಂತದ್ದು. ತಂಡ ಬಿಡುವಾಗ ಆತ ತನ್ನದನ್ನು ಇಟ್ಟು ಹಳೆಯದನ್ನು ಕದ್ದೊಯ್ದಿದ್ದಾನೆಂಬುದು ಆರೋಪ.

ತಂಡದ ಗಿಟಾರಿನ ಖರೀದಿ ಬಿಲ್ಲಿನಲ್ಲಿ ಸಂಖ್ಯೆ ಬರೆದಿತ್ತು. ವಾದಕನ ಕೈಯಲ್ಲಿದ್ದ ಗಿಟಾರನ್ನು ಮಗುಚಿ ನೋಡಿದೆ, ಅದೇ ಸಂಖ್ಯೆ. ಅವನಿಗೇನಾದರೂ ಹೇಳುವುದಿದೆಯೇ ಎಂದು ಕೇಳಿದೆ.

"ನಂಬರ್ ನಂಗೊತ್ತಿಲ್ಲ ಸಾರ್. ಈ ಕತ್ತು ನನ್ ಕೈಗೆ ಗೊತ್ತು. ಹೆಬ್ಬೆಟ್ಟು ಕೂತ್ಕೊಳೋ ಜಾಗ ನೋಡಿ, ಸವೆದಿದೆ."

"ಕತ್ತು ಹಿಡ್ದು ಹೇಳಕ್ಕೆ ಅದೇನ್ ಕೋಳಿನೇನ್ಲಾ?" ಎಂದರು ಯಜಮಾನರು. ಸೇರಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ಬದಲಿಗೆ, ಮನುಷ್ಯನ ನೆನಪು ತಪ್ಪಬಹುದು, ಲೋಹದಲ್ಲಿ ಕೊರೆದ ಸಂಖ್ಯೆ ತಪ್ಪಲಾರದು ಎಂದು ಹತ್ತು ನಿಮಿಷ ಮಾತಾಡಿದೆ. ಅವನು ಗಿಟಾರನ್ನು ಮೇಜಿನ ಮೇಲಿಟ್ಟ. ತಂಡದಲ್ಲಿ ಉಳಿದಿದ್ದ ಇನ್ನೊಂದನ್ನು ಮುಟ್ಟದೆ ಹೊರಟುಹೋದ. ಆಮೇಲೆ ಯಾವ ತಂಡವೂ ಅವನನ್ನು ಕರೆಯಲಿಲ್ಲವೆಂದು ಕೇಳಿದೆ.

ಮುಂದಿನ ಆಯುಧಪೂಜೆಗೆ ಯಜಮಾನರು ನನ್ನನ್ನು ಆಹ್ವಾನಿಸಿದರು. ಅಂಗಳದಲ್ಲಿ ವಾದ್ಯಗಳ ಲೋಹದ ಭಾಗಗಳನ್ನೆಲ್ಲ ಬಿಚ್ಚಿ, ತಾಳಗಳ ಜೊತೆ ಒಂದೇ ಬೋಗುಣಿಗೆ ಹಾಕಿ, ಹುಣಿಸೆಹಣ್ಣಿನಿಂದ ಉಜ್ಜುತ್ತಿದ್ದರು. ಎರಡು ಗಿಟಾರುಗಳ ತಗಡುಗಳೂ ಅದರಲ್ಲಿದ್ದವು. ಯಾವುದು ಯಾವುದಕ್ಕೆ ಸೇರಿದ್ದೆಂದು ಹೇಗೆ ಗುರುತಿಸುತ್ತೀರಿ ಎಂದು ಕೇಳಿದೆ.

"ಎರಡೂ ಒಂದೇ ಅಳತೆ ಅಲ್ವಾ ಸಾರ್, ಕೈಗೆ ಸಿಕ್ಕಿದ್ದು ಬಿಗಿಯೋದು. ಪ್ರತಿ ವರ್ಷಾನೂ ಹಿಂಗೇನೇ," ಎಂದು ಉಜ್ಜುತ್ತಿದ್ದವರು ಹೇಳಿದರು.

ನಾನು ವಾದಕನಿಂದ ಕೊಡಿಸಿದ್ದ ಗಿಟಾರಿನ ಕತ್ತನ್ನು ಆಗಲೇ ಬಿಡಿಸಿ ಇಟ್ಟಿದ್ದರು. ಅದರ ಬುಡದಲ್ಲಿ ಕಾರ್ಖಾನೆಯವರು ಒತ್ತಿದ ವರ್ಷದ ಮುದ್ರೆಯಿತ್ತು. ಬಿಲ್ಲಿನ ಸಂಖ್ಯೆ ಸೂಚಿಸುತ್ತಿದ್ದ ವರ್ಷಕ್ಕಿಂತ ಅದು ಬಹಳ ಈಚಿನದು. ಗಿಟಾರು ವಾದಕನದೇ ಆಗಿತ್ತು. ಸಂಖ್ಯೆಯನ್ನು ಬುಡದ ಮುದ್ರೆಯೊಡನೆ ತಾಳೆ ನೋಡಬೇಕೆಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಂದು ನಾಲ್ಕು ಸ್ಕ್ರೂ ಬಿಚ್ಚುವಷ್ಟು ಸಂದೇಹವೂ ನನ್ನಲ್ಲಿರಲಿಲ್ಲ.

ಯಜಮಾನರು ತಕರಾರಿಲ್ಲದೆ ಗಿಟಾರು ಕೊಟ್ಟರು. ಅದನ್ನು ಹೊತ್ತು ತಾಯಲೂರಿಗೆ ಹೋದಾಗ ಅವನು ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ನಾನು ಎಲ್ಲವನ್ನೂ ವಿವರಿಸಿ ಕ್ಷಮೆ ಕೇಳಿದೆ. ಅವನು ಕೈ ಒರೆಸಿಕೊಂಡು ಕತ್ತನ್ನು ಹಿಡಿದ. ಹೆಬ್ಬೆರಳು ತಾನಾಗಿ ಸವೆದ ಜಾಗಕ್ಕೆ ಹೋಯಿತು.

"ಇದೇ ಸಾರ್. ಆದ್ರೆ ತಗೊಂಡಿದ್ದು ಅಷ್ಟು ಜನದ ಮುಂದೆ. ಕೊಡೋದು ಹುಳದ ಮನೇಲಾ?"

ಅವನ ಮಾತು ನ್ಯಾಯವಾಗಿತ್ತು. ಅಂದು ಸೇರಿದ್ದ ಪ್ರತಿಯೊಬ್ಬರಿಗೂ ಪತ್ರ ಬರೆದು ಒಂದು ಭಾನುವಾರ ಕೂಟ ಕರೆದೆ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಬಂದ. ನಂಗಲಿಯಲ್ಲಿ ಕಾರ್ಯಕ್ರಮವಿದೆಯೆಂದು ಯಜಮಾನರು ಹೇಳಿ ಕಳಿಸಿದರು. ಉಳಿದವರಲ್ಲಿ ಬಂದದ್ದು ಇಬ್ಬರೇ, ಅವರೂ ಯಾವ ಗಿಟಾರೆಂದು ನನ್ನನ್ನೇ ಕೇಳಿದರು. ಅವನನ್ನು ನೋಡಿ ನಕ್ಕದ್ದು ಅವರಿಗೆ ನೆನಪಿರಲಿಲ್ಲ.

ಮಧ್ಯಾಹ್ನದವರೆಗೂ ಕಾದು ಅವನು ಎದ್ದ. ಕೈಗೆ ಕೊಡಹೋದ ಗಿಟಾರನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದ.

"ಎಲ್ರೂ ಬಂದಾಗ ಕರೀರಿ ಸಾರ್, ಬರ್ತೀನಿ."

ಆಮೇಲೆ ಎರಡು ಸಲ ಕೂಟ ಕರೆದಿದ್ದೇನೆ. ಗಿಟಾರು ಇನ್ನೂ ನನ್ನ ಕೋಣೆಯಲ್ಲಿದೆ.