ತಲೆಯ ಮೇಲೆ ಹೊತ್ತು ನೋಡು

ನಮ್ಮ ದೊಡ್ಡವ್ವನ ನೆತ್ತಿಯ ಮೇಲೆ ರೂಪಾಯಿಯಗಲದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ನಲವತ್ತು ವರ್ಷ ತಲೆಯ ಮೇಲೆ ಹೊರೆ ಹೊತ್ತು ನಡೆದವಳು. ಬಾಚಿ ಮುಚ್ಚಿಕೊಳ್ಳುವ ಗೋಜಿಗೂ ಹೋದವಳಲ್ಲ.

ಅವಳದು ರಾಯಚೂರು ಜಿಲ್ಲೆಯ ಜಾಲಹಳ್ಳಿ ಕಡೆಯ ಕುರಿ ಕಾಯುವ ಮನೆತನ. ದೀಪಾವಳಿ ಮುಗಿದರೆ ಸಾಕು, ಕುರಿ ಹೊಡೆದುಕೊಂಡು ಹೊರಟುಬಿಡುತ್ತಿದ್ದರು. ತಿರುಗಿ ಊರು ಕಾಣುವುದು ಮುಂಗಾರಿಗೆ. ಏಳೆಂಟು ತಿಂಗಳ ಸಂಸಾರ ಒಂದೇ ಕತ್ತೆಯ ಬೆನ್ನ ಮೇಲೆ, ಅದಕ್ಕೆ ಹಿಡಿಸದ್ದು ಹೆಂಗಸರ ತಲೆಯ ಮೇಲೆ. ಕತ್ತೆಗೆ ಹೇರುವ ಮೊದಲು ಅವರಲ್ಲೊಂದು ಪದ್ಧತಿಯಿತ್ತು. ಗಂಟು ಕಟ್ಟಿದವರೇ ಅದನ್ನು ತಲೆಯ ಮೇಲೆ ಹೊತ್ತು ಹಳ್ಳದವರೆಗೆ ಹೋಗಿ, ಇಳಿಸದೆ ವಾಪಸು ಬರಬೇಕು. ನಡುವೆ ಎಲ್ಲಿ ಇಳಿಸಿದರೋ ಅಲ್ಲೇ ಬಿಚ್ಚಿ ಹಗುರ ಮಾಡಬೇಕು. ಈ ಲೆಕ್ಕದಲ್ಲಿ ದೊಡ್ಡವ್ವ ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ. ಗಂಡನ ಎರಡನೇ ಅಂಗಿಯನ್ನೂ ಬಿಡದೆ ತೆಗೆದಿಟ್ಟಿದ್ದಳಂತೆ.

ನಿಜ ಹೇಳಬೇಕೆಂದರೆ ನನ್ನನ್ನು ಹೆತ್ತವಳು ಅವಳೇ. ನಾನು ಮೂರು ವರ್ಷದವಳಿದ್ದಾಗ ಮಾನ್ವಿಯಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಬಿಟ್ಟು ಹೋದಳು. ಸಾಕಿದವಳನ್ನು ಅವ್ವ ಅಂದೆ, ಹೆತ್ತವಳನ್ನು ಎಲ್ಲರ ಹಾಗೆ ದೊಡ್ಡವ್ವ ಅಂದೆ. ಸಂಗತಿ ಗೊತ್ತಾದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಅಂದಿನಿಂದ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು: ಹೊರೆ ಹಗುರ ಮಾಡಲು ತೆಗೆದಿಟ್ಟ ಸಾಮಾನುಗಳಲ್ಲಿ ನಾನೂ ಒಬ್ಬಳೇ? ಅವಳು ಬಂದಾಗ ಮುಖ ತಿರುಗಿಸುತ್ತಿದ್ದೆ, ಹೋದ ಮೇಲೆ ದಾರಿ ನೋಡುತ್ತಿದ್ದೆ.

ನನಗೂ ಒಂದು ಕಡೆ ಕೂತಿರುವ ಸ್ವಭಾವ ಬರಲಿಲ್ಲ. ನರ್ಸಾಗಿ ರಾಯಚೂರಿಗೆ ಬಂದ ನಾಲ್ಕು ವರ್ಷದಲ್ಲಿ ಮೂರು ಬಾಡಿಗೆ ಕೋಣೆ ಬದಲಿಸಿದೆ. ಸ್ಟೇಷನ್ನಿನಲ್ಲಿ ಬೊಂಬಾಯಿ ಗಾಡಿ ಕೂಗಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಎಂಬತ್ತರ ದಶಕ ಶುರುವಾಗಿತ್ತು. ಕೊಲ್ಲಿ ದೇಶದ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಾಗ ಯಾರನ್ನೂ ಕೇಳದೆ ಹೂಂ ಅಂದುಬಿಟ್ಟೆ.

ಹೊರಡುವ ಮುಂಚೆ ಮಾನ್ವಿಗೆ ಹೋದೆ. ವಿಮಾನದಲ್ಲಿ ಇಪ್ಪತ್ತು ಕಿಲೋಗಿಂತ ಹೆಚ್ಚು ಒಯ್ಯುವಂತಿಲ್ಲ ಎಂದು ಎಷ್ಟು ಬಡಿದುಕೊಂಡರೂ ಅವ್ವನ ಕಿವಿಗೆ ಬೀಳಲಿಲ್ಲ. ಎರಡು ನೂರು ಒಣಗಿದ ಕಟಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ, ಜೋಳದ ಹಿಟ್ಟು, ಹೊದೆಯಲು ತಾನೇ ಹೊಲಿದ ಕೌದಿ. ಟ್ರಂಕಿನ ಬೀಗ ಹಾಕಲು ಅದರ ಮೇಲೆ ಕೂರಬೇಕಾಯಿತು. ಆ ವಾರ ದೊಡ್ಡವ್ವನ ಕುರಿ ಮಾನ್ವಿಯ ಹತ್ತಿರವೇ ಇದ್ದವು. ಸುದ್ದಿ ಕೇಳಿ ಬಂದವಳು ಟ್ರಂಕನ್ನು ಕಾಲಿನಿಂದ ಒಮ್ಮೆ ನೂಕಿ ನೋಡಿದಳು. ಅದು ಅಲುಗಲಿಲ್ಲ.

"ಹೊತ್ಕೋ ಬೇ. ಬಸ್ ಸ್ಟ್ಯಾಂಡ್ ತನಕ ಹೋಗಿ ಬರೋಣು ನಡಿ."

"ಅಲ್ಲಿ ಹೊರಾಕ ಕೂಲಿಯವ್ರು ಇರ್ತಾರ," ಅಂದೆ.

"ಇರಲಿ. ನಿನ್ನ ಸಾಮಾನು ನಿನ್ನ ಕುತ್ತಿಗಿಗೆ ಗೊತ್ತಿರಬೇಕು."

ಹಟಕ್ಕೆ ಹೊತ್ತೆ. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಬೀಡಾ ಅಂಗಡಿಯ ಮುಂದೆ ಕುತ್ತಿಗೆ ಸೋತು ಇಳಿಸಿದೆ. ಅವಳು ಅಲ್ಲೇ, ನಡುಬೀದಿಯಲ್ಲೇ, ಟ್ರಂಕು ಬಿಚ್ಚಿದಳು! ಹಿಟ್ಟಿನ ಚೀಲದ ಕೆಳಗಿನಿಂದ ರೊಟ್ಟಿ ಸುಡುವ ಕಬ್ಬಿಣದ ಹಂಚು ಹೊರಬಂತು. ಅದನ್ನು ಅವ್ವ ನನಗೂ ತಿಳಿಯದಂತೆ ಇಟ್ಟಿದ್ದಳು. ಅಂಗಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಕ್ಕಾ, ಅಲ್ಲಿ ಜ್ವಾಳ ಸಿಗ್ತದೇನು? ನನ್ನ ಮಗಳು ಏನ್ ತಿನ್ನಬೇಕು?" ಅಂತ ಹಿಂದೆಯೇ ಬಂದಿದ್ದ ಅವ್ವ ಅಳತೊಡಗಿದಳು.

"ಅಲ್ಲಿ ಮಂದಿ ಏನ್ ತಿಂತಾರೋ ಅದನ್ನ ತಿಂತಾಳ. ಎಲ್ಲಾ ಕಡೀಗೂ ಒಲಿ ಇರ್ತಾವ."

ಮನೆಗೆ ಬಂದು ಕಂಬಳಿ ಹಾಸಿ ಒಂದೊಂದೇ ಸಾಮಾನು ಹರಡಿದಳು. ಕೌದಿ ಹೋಯಿತು, ಹಿಟ್ಟು ಹೋಯಿತು, ಆರು ಸೀರೆಯಲ್ಲಿ ನಾಲ್ಕು ಹೋದವು. ಅವ್ವನ ಮುಖ ನೋಡಿ ಹಿಂಡಿಯ ಡಬ್ಬಿಯನ್ನೂ ಇಪ್ಪತ್ತು ರೊಟ್ಟಿಯನ್ನೂ ಉಳಿಸಿದಳು. ಅವಳ ಕೈ ಎಲ್ಲೂ ತಡೆಯಲಿಲ್ಲ. ಅದನ್ನು ನೋಡುತ್ತ ನನಗೆ ಸಿಟ್ಟು ನೆತ್ತಿಗೇರಿತು.

"ನನ್ನನ್ನೂ ಹಿಂಗ ತಗದಿಟ್ಟಿದ್ದೇನು?" ಅಂದುಬಿಟ್ಟೆ.

ಅವಳ ಕೈ ನಿಂತಿತು. ಅವ್ವ ಎದ್ದು ಒಳಗೆ ಹೋದಳು. ದೊಡ್ಡವ್ವ ಕೈಯಲ್ಲಿದ್ದ ಸೀರೆಯನ್ನು ಕಂಬಳಿಯ ಮೇಲಿಟ್ಟಳು.

"ನಿನಗಿಂತ ಮುಂಚೆ ಒಬ್ಬಾಕಿ ಇದ್ಲು. ಆಕಿನ್ನ ಬಿಟ್ಟು ಹೋಗಲಿಲ್ಲ, ಬೆನ್ನಿಗೆ ಕಟ್ಕೊಂಡು ಹೋದೆ. ಕೃಷ್ಣಾ ದಾಟಿದ ಮ್ಯಾಲೆ ಜ್ವರ ಬಂತು. ದವಾಖಾನಿ ಎಲ್ಲಿ ಅದ ಅಂತ ಗೊತ್ತಿಲ್ಲ, ಕುರಿ ನಿಲ್ಲವಲ್ಲವು. ಮೂರನೇ ದಿನಕ್ಕ ಅಲ್ಲೇ ಮಣ್ಣು ಮಾಡಿ ನಡದ್ವಿ. ನಿನ್ನ ಬಿಟ್ಟದ್ದು ಹಗುರಾಗ್ಲಿ ಅಂತಲ್ಲ ಬೇ. ನೀ ಉಳೀಲಿ ಅಂತ."

ನನಗೊಬ್ಬ ಅಕ್ಕ ಇದ್ದಳೆಂದು ಗೊತ್ತಾದದ್ದೇ ಆಗ. ಮಡಚಿದ ಸೀರೆಯನ್ನೇ ಮತ್ತೆ ಮಡಚಿದೆ. ಅವಳು ಬಿಸಿಲು ಇಳಿಯುವ ಮುಂಚೆ ಕುರಿಯ ಕಡೆ ಹೊರಟುಹೋದಳು.

ಟ್ರಂಕು ಮಾನ್ವಿಯಲ್ಲೇ ಉಳಿಯಿತು. ಒಂದು ಕೈಚೀಲ ಹಿಡಿದು ನಾನು ದೇಶ ಬಿಟ್ಟೆ. ಅಲ್ಲಿ ಎರಡು ವರ್ಷದಲ್ಲಿ ಆಸ್ಪತ್ರೆಯವರು ಐದು ಸಲ ನಮ್ಮ ವಸತಿ ಬದಲಾಯಿಸಿದರು. ಜೊತೆಯವರು ಪೆಟ್ಟಿಗೆ ಎಳೆದಾಡುವಷ್ಟರಲ್ಲಿ ನಾನು ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂತಿರುತ್ತಿದ್ದೆ. ಅವ್ವನಿಗೆ ತಿಂಗಳಿಗೊಂದು ಕಾಗದ ತಪ್ಪದೆ ಬರೆದೆ. ದೊಡ್ಡವ್ವನಿಗೆ ಒಂದೂ ಬರೆಯಲಿಲ್ಲ. ಊರೂರು ತಿರುಗುವವಳಿಗೆ ಯಾವ ವಿಳಾಸ ಎಂದು ನೆಪ ಹೇಳಿಕೊಂಡೆ. ಏನೆಂದು ಕರೆದು ಶುರು ಮಾಡಬೇಕೆಂಬುದೇ ನನಗೆ ತಿಳಿದಿರಲಿಲ್ಲ.

ತಿರುಗಿ ಬಂದಾಗ ಅವಳಿರಲಿಲ್ಲ. ಹಿರೇಕೊಟ್ನೆಕಲ್ಲಿನ ಹತ್ತಿರ ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದ್ದಾಗ ಎದೆನೋವು ಬಂದು ಹೋಗಿಬಿಟ್ಟಳಂತೆ. ನಾಲ್ಕು ತಿಂಗಳಾಗಿತ್ತು. ಕೆಲಸ ಬಿಟ್ಟು ಓಡಿ ಬಂದಾಳೆಂದು ಅವ್ವ ನನಗೆ ತಿಳಿಸಿರಲಿಲ್ಲ.

"ಕುರಿ ಈ ಕಡೀಗೆ ಬಂದಾಗೊಮ್ಮೆ ಬರ್ತಿದ್ಲು," ಅಂದಳು ಅವ್ವ. "ನಿನ್ನ ಕಾಗದ ಎಲ್ಲಾ ಓದಿಸ್ಕೊಂಡು ಕೇಳ್ತಿದ್ಲು. ನನಗೇನರ ಬರದಾಳೇನು ಅಂತಿದ್ಲು. ನಾ ಹೂಂ ಅಂತ ಓದ್ತಿದ್ದೆ."

"ಏನಂತ ಓದಿದಿ?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬಿಸಲಾಗ ಬಾಳ ನಡೀಬ್ಯಾಡ, ಹೊತ್ತಿಗೆ ಸರಿಯಾಗಿ ಉಣ್ಣು ಅಂತ ಬರದಿದ್ದಿ. ಕಡೀಗೆ, ನಿನ್ನ ಮಗಳು ಅಂತ ಬರದಿದ್ದಿ."