ಅವ್ವ ಸರ್ವೇಯರನಿಗೆ ಹೇಳಿದ ಮಾತು

ಅಥವಾ ಗಿಡ ಬಿದ್ದ ದಿನ ಗಾಳಿಯೇ ಇರಲಿಲ್ಲವೇನೋ. ಗಾಳಿ ಇತ್ತು ಎಂದು ವಿಮೆಯವರಿಗೆ ಎಷ್ಟು ಸಲ ಬರೆದುಕೊಟ್ಟೆವೆಂದರೆ, ಈಗ ನೆನೆದಾಗಲೆಲ್ಲ ಬೀಸುತ್ತದೆ. ಎಂಬತ್ತರ ದಶಕ, ನಾನು ಜೇವರ್ಗಿಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಅಫಜಲಪುರದ ನಮ್ಮ ಮನೆಗೆ ಬಂದದ್ದು ಮರುದಿನ. ಬೇವಿನ ಗಿಡ ಅಡುಗೆಮನೆಯ ಮೇಲೆ ಅಡ್ಡ ಬಿದ್ದಿತ್ತು. ಮಾಳಿಗೆಯ ಫರಸಿಕಲ್ಲು ಒಡೆದು ಒಲೆಯ ಮೇಲೆ ಕೂತಿತ್ತು. ಇಷ್ಟು ಕಣ್ಣಾರೆ ಕಂಡದ್ದು. ಗಿಡ ಬಿದ್ದ ಸಪ್ಪಳವೂ ಕಿವಿಯಲ್ಲಿದೆ, ಅದು ಹೇಗೆ ಬಂತೋ.

ಮನೆಗೆ ವಿಮೆ ಇತ್ತು. ಗಾಳಿಗೆ ಬಿದ್ದದ್ದಾದರೆ ಪರಿಹಾರ ಕೊಟ್ಟೇ ಕೊಡುತ್ತಾರೆ ಎಂದು ಅಪ್ಪ ನಂಬಿದ್ದ. ನೋಡಲು ವಿಮೆಯವರ ಸರ್ವೇಯರ್ ಬಂದ. ಅವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ ಚಹಾ ಕಾಸಿದಳು. ಅವನು ಗಿಡದ ಬುಡದಲ್ಲಿದ್ದ ಪೊಳ್ಳಿನಲ್ಲಿ ಕೈಯಾಡಿಸಿ, "ಇದು ಮೊದ್ಲ ಗೊತ್ತಿತ್ತೇನ್ರಿ?" ಅಂದ.

ಅಪ್ಪ ಬಾಯಿ ತೆರೆಯುವುದರೊಳಗೆ ಅವ್ವ, "ಎರಡ್ ವರ್ಷದಿಂದ ಹೇಳಾಕತ್ತೇನ್ರೀ ಸಾಹೇಬ್ರ, ಗಿಡ ಕಡಸ್ರಿ ಅಂತ. ಇವ್ರು ನನ್ನ ಮಾತು ಯಾವಾಗ ಕೇಳ್ಯಾರ? ಆ ಗಿಡದ ಕೂಡನ ಲಗ್ನ ಆಗಬೇಕಿತ್ತು ಇವ್ರು!" ಅಂದಳು.

ಸರ್ವೇಯರ್ ನಕ್ಕ. ಅಪ್ಪನೂ ನಕ್ಕ. ಮನೆಗೆ ಬಂದವರೆದುರು ಅಪ್ಪನನ್ನು ಹೀಗೆ ಕಾಡುವುದು ಅವಳ ರೂಢಿ. ಚಹಾದ ಜೊತೆ ಅದೂ ಇರಲೇಬೇಕು.

ಕೆಲವು ವಾರಗಳ ಮೇಲೆ ವಿಮೆಯವರ ಪತ್ರ ಬಂತು. ಅಪ್ಪ ಓದಿ ಮಡಚಿದ.

"ಏನ್ ಬರದಾರ್ರಿ?"

"ಗಾಳಿ ಸಾಲಲಿಲ್ಲಂತ."

ನಾನು ಊರಿಗೆ ಹೋದಾಗ ಅವ್ವ ಅದನ್ನು ನನ್ನಿಂದ ಓದಿಸಿದಳು. ಗಿಡ ಪೊಳ್ಳಾದದ್ದು ಗೊತ್ತಿದ್ದೂ ಕಡಿಸಿಲ್ಲ, ಹೆಂಡತಿಯೇ ಹಾಗೆ ಹೇಳಿದ್ದಾಳೆ, ಪರಿಹಾರ ಇಲ್ಲ. 'ಹೆಂಡತಿ' ಎಂಬಲ್ಲಿ ನಾನು ತಡೆದೆನೋ, ಓದಿಯೇಬಿಟ್ಟೆನೋ. ಅವಳಿಗಂತೂ ತಿಳಿಯಿತು.

ಅದು ಗಂಡಹೆಂಡಿರ ಚಾಷ್ಟಿಯ ಮಾತು, ಸಾಕ್ಷಿಯಲ್ಲ ಎಂದು ಅಪ್ಪ ಬರೆದ. ಹಾಗಾದರೆ ತಾನು ಎಂದೂ ಗಿಡ ಕಡಿಸಲು ಹೇಳಿರಲಿಲ್ಲವೆಂದು ಆಕೆಯೇ ಪ್ರಮಾಣ ಮಾಡಿ ಬರೆದುಕೊಡಲಿ ಎಂದು ಉತ್ತರ ಬಂತು. ಅಪ್ಪ ಕಾಗದ ಮುಂದಿಟ್ಟು ಮೆಲ್ಲಗೆ ಕೇಳಿದ: "ಖರೇನ ಹೇಳಿದ್ದೇನು ನೀ? ನನಗ ನೆನಪಿಲ್ಲ."

ಅವ್ವ ಕಾಗದವನ್ನು ಅಪ್ಪನ ಕಡೆಗೇ ಸರಿಸಿದಳು. ರುಜು ಮಾಡಲಿಲ್ಲ. ಅಡುಗೆಮನೆಗೆ ತಗಡು ಹೊದಿಸಿದೆವು.

ಆಮೇಲೆ ಯಾರ ಮುಂದೆಯೂ ಅವಳು ಅಪ್ಪನನ್ನು ಕಾಡಲಿಲ್ಲ. ಮಂದಿ ಬಂದಾಗ ಅಪ್ಪನೇ ಕೆಣಕುತ್ತಿದ್ದ: "ಏನರೆ ಅನ್ನು ನನಗ, ಬಾಯಿ ಕಟ್ಟೇದೇನು?" ಅವಳು ಕಪ್ಪುಬಸಿ ಇಟ್ಟು ಒಳಗೆ ಹೋಗುತ್ತಿದ್ದಳು. ಅಪ್ಪ ಬಾಗಿಲ ಕಡೆ ನೋಡುತ್ತ ಕೂಡುತ್ತಿದ್ದ.

ಗಿಡ ಬೀಳುವ ಮೊದಲು ಅವಳು ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಆಗ ನಾನು ಆ ಮನೆಯಲ್ಲಿ ಇರಲೂ ಇಲ್ಲ. ನಿಜವಾಗಿ ಹೇಳಿದ್ದಳೋ, ಬಂದವನನ್ನು ನಗಿಸಲು ಅಂದಳೋ, ಅವಳಿರುವತನಕ ಕೇಳುವ ಧೈರ್ಯ ನನಗಾಗಲಿಲ್ಲ. ಗೊತ್ತಿಲ್ಲ.